ಬೇಡ ಎಂದವಳ ಬೆನ್ನು

ನಿಶ್ಮಿ,

ಇದನ್ನು ಅಮ್ಮ ನಿನಗೆ ಓದಿ ಹೇಳಲೆಂದು ಬರೆಯುತ್ತಿದ್ದೇನೆ. ಕೇಳುವ ಮನಸ್ಸಿಲ್ಲದಿದ್ದರೆ ಗೋಡೆಯ ಕಡೆ ನೋಡು, ಅಮ್ಮ ನಿಲ್ಲಿಸುತ್ತಾಳೆ.

ಹುಟ್ಟುವಾಗ ನಿನ್ನ ಮೆದುಳಿಗೆ ಉಸಿರು ಸಾಲಲಿಲ್ಲ. ಸೆರೆಬ್ರಲ್ ಪಾಲ್ಸಿ ಎಂದರು. ಕೈಕಾಲು ಕೊರಡಿನಂತೆ ಬಿಗಿಯಾದವು, ಮಾತು ಬರಲಿಲ್ಲ, ಬುದ್ಧಿಗೆ ಮಾತ್ರ ಏನೂ ಆಗಿರಲಿಲ್ಲ. ಕಣ್ಣು ಮೇಲೆತ್ತಿದರೆ ಹೌದು, ಗೋಡೆಯತ್ತ ಹೊರಳಿಸಿದರೆ ಬೇಡ. ಶಾಲೆಯ ಟೀಚರ್ ಅಕ್ಷರಗಳ ಬೋರ್ಡ್ ಮಾಡಿಸಿಕೊಡಿ ಎಂದಾಗ, "ಬೋರ್ಡ್ ಯಾಕೆ, ನಾನಿದ್ದೇನಲ್ಲ" ಎಂದವನು ನಾನು. ಎಲ್ಲರ ಮುಂದೆ ನಿನ್ನ ಬಾಯಾಗುವುದು ನನಗೆ ಹೆಮ್ಮೆಯಾಗಿತ್ತು.

ನಿನಗೆ ಹದಿನಾಲ್ಕಾದಾಗ ಹೊಟ್ಟೆಯ ಚರ್ಮದಡಿ ಪಂಪ್ ಇಟ್ಟರು. ಅದರಿಂದ ಹೊರಟ ಸಣ್ಣ ನಳಿಕೆ ಬೆನ್ನುಹುರಿಯ ನೀರಿಗೆ ಹನಿಹನಿಯಾಗಿ ಔಷಧಿ ಬಿಡುತ್ತಿತ್ತು. ಎರಡು ವಾರದಲ್ಲಿ ನಿನ್ನ ಎಡಮುಷ್ಟಿ ತೆರೆಯಿತು. ಮಾರಿ ಬಿಸ್ಕೆಟನ್ನು ನೀನೇ ಬಾಯಿಗಿಟ್ಟುಕೊಂಡ ದಿನ ಅಮ್ಮ ಡೊಂಬಿವಲಿಯ ನಮ್ಮ ಕಟ್ಟಡದ ಮೂರೂ ಮಾಳಿಗೆಗೆ ಪಾಯಸ ಹಂಚಿದಳು.

ಆದರೆ ಬೆನ್ನು ಬಾಗುತ್ತಲೇ ಹೋಯಿತು. ಹತ್ತೊಂಬತ್ತಕ್ಕೆ ನಿನ್ನ ಪಕ್ಕೆಲುಬು ಸೊಂಟದ ಎಲುಬಿಗೆ ತಾಗುತ್ತಿತ್ತು. ಲಿಫ್ಟ್ ಇಲ್ಲದ ಆ ಮೆಟ್ಟಿಲುಗಳಲ್ಲಿ ನಿನ್ನನ್ನು ಎತ್ತಿಕೊಂಡು ಇಳಿಯುವಾಗ ನೀನು ಎರಡು ಸಲ ನರಳುತ್ತಿದ್ದೆ, ನಾನು ಒಂದು ಸಲ ಬಯ್ಯುತ್ತಿದ್ದೆ. ಅದೇ ವರ್ಷ, ನಾನು ಮದುವೆಯಾಗಬೇಕೆಂದಿದ್ದ ಸೋನಾಲಿಯ ತಾಯಿ ಕಲ್ಯಾಣ್ ಊರಿನಿಂದ ಮನೆ ನೋಡಲು ಬಂದರು. ಚಹಾ ಕುಡಿದು, ನಿನ್ನನ್ನು ನೋಡಿ, "ಹೀ ಕಾಯಮ್ ಅಶೀಚ್ ರಾಹಣಾರ್ ಕಾ?" ಎಂದು ಕೇಳಿದರು. ಇವಳು ಯಾವಾಗಲೂ ಹೀಗೇ ಇರುತ್ತಾಳಾ ಎಂದು. ನೀನು ಕೇಳಿಸಿಕೊಂಡೆ. ನಾನು "ಆಪರೇಶನ್ ಮಾಡಿಸುತ್ತೇವೆ" ಎಂದೆ.

ನವಿ ಮುಂಬಯಿಯ ಆಸ್ಪತ್ರೆಯಲ್ಲಿ ಡಾಕ್ಟರ್ ಕಶ್ಯಪ ಏನನ್ನೂ ಮುಚ್ಚಿಡಲಿಲ್ಲ. ಕತ್ತಿನ ಬುಡದಿಂದ ಸೊಂಟದವರೆಗೆ ಕಂಬಿ ಹಾಕಿ ಎಲುಬುಗಳನ್ನು ಬೆಸೆಯುತ್ತೇವೆ, ಶ್ವಾಸಕೋಶಕ್ಕೆ ಜಾಗವಾಗುತ್ತದೆ ಎಂದರು. ಪಂಪ್ ಇರುವವರಿಗೆ ಸೋಂಕಿನ ಭಯ ಹೆಚ್ಚು, ನಳಿಕೆ ತುಂಡಾಗಬಹುದು, ಕೀವು ಪಂಪಿಗೆ ತಲುಪಿದರೆ ಅದನ್ನು ತೆಗೆಯಲೇಬೇಕು, ಔಷಧಿ ಒಮ್ಮೆಲೇ ನಿಂತರೆ ಜೀವಕ್ಕೇ ಅಪಾಯ ಎಂದೂ ಹೇಳಿದರು. ಕೊನೆಗೆ, "ನೀವಲ್ಲ, ಅವಳು ಹೇಳಬೇಕು" ಎಂದು ನಿನ್ನ ಮುಂದೆ ಬಗ್ಗಿ ಕೇಳಿದರು. ಅಮ್ಮ ಎಕ್ಸ್-ರೇ ತರಲು ಹೋಗಿದ್ದಳು. ನೀನು ಗೋಡೆಯನ್ನು ನೋಡಿದೆ. ಅವರು ಮತ್ತೆ ಕೇಳಿದರು. ಮತ್ತೆ ಗೋಡೆ. ಅದರ ಅರ್ಥ ತಿಳಿಯದೆ ಅವರು ನನ್ನತ್ತ ತಿರುಗಿದರು.

"ಒಪ್ಪಿಗೆಯಂತೆ" ಎಂದೆ ನಾನು.

ಮನೆಗೆ ಬಂದು ಅಮ್ಮ ಕೇಳಿದಾಗಲೂ ನೀನು ಗೋಡೆಯನ್ನೇ ನೋಡಿದೆ. "ಇವಳು ಬೇಡ ಅಂತಾಳಲ್ಲ ಮಾರಾಯ" ಎಂದಳು ಅಮ್ಮ. "ಹೆದರಿಕೆ ಅಷ್ಟೆ, ಸೂಜಿಗೂ ಬೇಡ ಅಂತಾಳೆ" ಎಂದೆ. ಅಮ್ಮ ಆಸ್ಪತ್ರೆಯ ಚೀಲ ತುಂಬತೊಡಗಿದಳು. ಅವಳ ಸೊಂಟವೂ ಸೋತಿತ್ತು.

ಆಪರೇಶನ್ ಆದ ಹದಿನೆಂಟನೇ ದಿನ ಗಾಯ ಒಸರಿತು. ಬೆನ್ನಿನ ಕೀವು ನಳಿಕೆ ಹಿಡಿದು ಹೊಟ್ಟೆಗೆ ಬಂದಿತ್ತು. ಪಂಪ್ ತೆಗೆದರು. ಬಾಯಿಯ ಮೂಲಕ ಅದೇ ಔಷಧಿ ಕೊಟ್ಟರೂ ಸಾಲಲಿಲ್ಲ. ನೂರಾ ಐದು ಜ್ವರ, ಮೈಯೆಲ್ಲ ತುರಿಕೆ, ಕೆರೆದುಕೊಳ್ಳಲು ನಿನಗೆ ಕೈ ಬಾರದು. ಸ್ನಾಯುಗಳು ಎಷ್ಟು ಬಿಗಿದವೆಂದರೆ ನಿನ್ನ ಹಲ್ಲೊಂದು ಮುರಿಯಿತು. ಬಾಗಲು ಬಾರದ ಬೆನ್ನಿನ ಮೇಲೆ ನೀನು ನಡುಗುತ್ತಿದ್ದೆ, ನರ್ಸ್ ನನ್ನನ್ನು ಹೊರಗೆ ಕಳಿಸಿದಳು. ನಾನು ಕ್ಯಾಂಟೀನಿನಲ್ಲಿ ಇಡ್ಲಿ ತಿಂದೆ. ಹಸಿವಾಗಿತ್ತು.

ಐವತ್ತಮೂರು ದಿನಗಳ ನಂತರ ನೀನು ನೆಟ್ಟಗೆ ಕುಳಿತು ಮನೆಗೆ ಬಂದೆ. ಉಸಿರು ನಿಜಕ್ಕೂ ಹಗುರಾಗಿತ್ತು. ಎಡಮುಷ್ಟಿ ಮುಚ್ಚಿಹೋಗಿತ್ತು. ಉಗುರು ಅಂಗೈಯೊಳಗೆ ಇಳಿಯದಂತೆ ಅಮ್ಮ ಬಟ್ಟೆಯ ಸುರುಳಿ ತುರುಕುತ್ತಿದ್ದಳು. ಅಪರ್ಣಾ ಎಂಬ ಥೆರಪಿಸ್ಟ್ ಹಿಂದಿ ಅಕ್ಷರಗಳ ಬೋರ್ಡ್ ಹಿಡಿದು ಬಂದದ್ದು ಆಮೇಲೆ. ಒಂದೊಂದೇ ಅಕ್ಷರ ಮುಟ್ಟುತ್ತಾ ಹೋದಳು, ಬೇಕಾದಲ್ಲಿ ನೀನು ಕಣ್ಣೆತ್ತಿದೆ. ಮುಕ್ಕಾಲು ಗಂಟೆ ಹಿಡಿಯಿತು. ನಿನ್ನ ಬದುಕಿನ ಮೊದಲ ವಾಕ್ಯವನ್ನು ಅವಳು ಜೋರಾಗಿ ಓದಿದಳು: "ಮೈನೇ ನಾ ಬೋಲಾ ಥಾ." ನಾನು ಬೇಡ ಎಂದಿದ್ದೆ ಎಂದು.

ಅಮ್ಮ ನನ್ನನ್ನು ನೋಡಲಿಲ್ಲ. ಎದ್ದು ಹೋಗಿ ಕುಕ್ಕರ್ ಇಳಿಸಿದಳು. ಮಾರನೇ ದಿನ ನೀನು ಇನ್ನೊಂದು ವಾಕ್ಯ ಹೇಳಿದೆ: ಅಣ್ಣ ನನ್ನನ್ನು ಮುಟ್ಟಬಾರದು.

ನಾನೀಗ ಭಿವಂಡಿಯಲ್ಲಿ, ಕೆಲಸದ ಗೋದಾಮಿನ ಹತ್ತಿರ ಕೋಣೆ ಮಾಡಿಕೊಂಡಿದ್ದೇನೆ. ಸೋನಾಲಿಗೆ ಬೇರೆ ಕಡೆ ಮದುವೆಯಾಯಿತು.

ಬರೆಯಬೇಕಾದದ್ದು ಇಷ್ಟು. ಆಸ್ಪತ್ರೆಯ ಫೈಲಿನಲ್ಲಿ ಈಗಲೂ ನನ್ನ ನಂಬರೇ ಇದೆ. ಸೋಮವಾರ ಡಾಕ್ಟರ್ ಫೋನ್ ಮಾಡಿದರು. ಸೋಂಕು ಪೂರ್ತಿ ಹೋಗಿದೆ, ಬೆಸೆದ ಎಲುಬಿನಲ್ಲಿ ತೂತು ಕೊರೆದು ಹೊಸ ಪಂಪ್ ಇಡಬಹುದು, ಇಲ್ಲವಾದರೆ ಈ ಬಿಗಿತ, ಈ ನೋವು ಜೀವನಪೂರ್ತಿ ಎಂದರು. ನಾನು ಅಮ್ಮನಿಗೆ ಹೇಳಿದೆ, ಅಮ್ಮ ಅಪರ್ಣಾಳನ್ನು ಕರೆಸಿದಳು, ಬೋರ್ಡ್ ಇಟ್ಟು ನಿನ್ನನ್ನು ಕೇಳಿದರು. ನಿನ್ನ ಉತ್ತರ ಅಮ್ಮ ಫೋನಿನಲ್ಲಿ ತಿಳಿಸಿದಳು. ಹಿಂದಿನಿಂದ ನಿನ್ನ ನರಳಾಟ ಕೇಳುತ್ತಿತ್ತು.

ಇಂದು ಡಾಕ್ಟರಿಗೆ ಫೋನ್ ಮಾಡಿ "ಬೇಡವಂತೆ" ಎಂದೆ. "ನೀವು ಅಣ್ಣ, ಸ್ವಲ್ಪ ಒಪ್ಪಿಸಿ ನೋಡಿ" ಎಂದರು. ಬೇಡವಂತೆ ಎಂದು ಇನ್ನೊಮ್ಮೆ ಹೇಳಿ ಫೋನ್ ಇಟ್ಟೆ.

ಇಂದು ರಾತ್ರಿಯಾದರೂ ನಿನಗೆ ನಿದ್ದೆ ಹತ್ತಲಿ.

ನಿನ್ನ ಅಣ್ಣನಾಗಿದ್ದ,
ರಂಜನ್