ಹೊಟ್ಟೆಗೆ ಬಂದ ತಲೆನೋವು

ದೊಡ್ಡಾಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿಗಳಿಗೆ,

ಮಾನ್ಯರೇ, ನಿಮ್ಮ ಆಸ್ಪತ್ರೆಯ ಪ್ರಕಾರ ನನಗೆ ಏನೂ ಆಗಿಲ್ಲ. ಈ ಶುಭಸಮಾಚಾರವನ್ನು ಎಷ್ಟು ಸಲ ತಿಳಿಸಿದ್ದೀರೆಂದರೆ, ಕೃತಜ್ಞತೆ ಹೇಳದಿದ್ದರೆ ತಪ್ಪಾದೀತು. ಆದರೆ ಏನೂ ಆಗದ ಹೆಂಗಸಿಗೆ ತಿಂಗಳಲ್ಲಿ ಒಂದೆರಡು ಸಲ ಹೊಕ್ಕುಳ ಸುತ್ತ ಒದ್ದೆ ಬಟ್ಟೆ ಹಿಂಡಿದಂತೆ ಏಕಾಗುತ್ತದೆ? ಮುಖ ಬಿಳಿಚಿಕೊಂಡು, ವಾಂತಿಯಾಗಿ, ಕಿಟಕಿಗೆ ಕಂಬಳಿ ಕಟ್ಟಿ ಅವಳೇಕೆ ಕತ್ತಲಲ್ಲಿ ಬಿದ್ದಿರುತ್ತಾಳೆ? ಮರುದಿನ ಎದ್ದು ಸರಿಯಾಗಿಯೇ ಹೊಲಿಗೆ ಯಂತ್ರದ ಮುಂದೆ ಹೇಗೆ ಕೂರುತ್ತಾಳೆ? ಇದನ್ನೆಲ್ಲ ಕೇಳಿಸಿಕೊಳ್ಳಲು ನಿಮ್ಮಲ್ಲಿ ಪುರುಸೊತ್ತಿರಲಿಲ್ಲ. ಹಾಗಾಗಿ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ನಾನು ದರ್ಜಿ. ದಿನವಿಡೀ ಕಂಡವರ ಸೊಂಟದ ಅಳತೆ ತೆಗೆಯುತ್ತೇನೆ. ನನ್ನ ಸೊಂಟಕ್ಕೆ ಮಾತ್ರ ಸಡಿಲವಾದ ಲಾಡಿಯೇ ಗತಿ, ನೋವು ಯಾವ ಗಳಿಗೆಯಲ್ಲಿ ಬರುತ್ತದೋ ಯಾರಿಗೆ ಗೊತ್ತು. ಲೋಕದಲ್ಲಿ ಹೊಟ್ಟೆನೋವಿನಷ್ಟು ಮಾನಗೆಟ್ಟ ಕಾಯಿಲೆ ಇನ್ನೊಂದಿಲ್ಲ ಸ್ವಾಮಿ. ಶಾಲೆ ತಪ್ಪಿಸಲು ಎಲ್ಲರೂ ಒಮ್ಮೆಯಾದರೂ ಹೇಳಿದ ಸುಳ್ಳು ಅದು. ಆದ್ದರಿಂದ ನಿಜವಾಗಿ ಬಂದವರನ್ನು ಯಾರೂ ನಂಬುವುದಿಲ್ಲ. "ಕೆಲ್ಸ ಜಾಸ್ತಿ ಬಿದ್ರೆ ಸಾಕು, ನಿಮ್ಗೆ ಹೊಟ್ಟೆನೋವು ಶುರು ನೋಡಿ" ಎಂದು ಅಂಗಡಿಯ ಯಜಮಾನರು ನಗುತ್ತಾರೆ. ನನ್ನ ಗಂಡ ಒಳ್ಳೆಯವನು. ಮೊದಮೊದಲು ಪಕ್ಕದಲ್ಲೇ ಕೂರುತ್ತಿದ್ದ. ಈಗ ಬಾಗಿಲಲ್ಲೇ ನಿಂತು "ಮತ್ತೇನಾ?" ಎಂದು ಕೇಳಿ, ಸದ್ದಾಗದಂತೆ ಕದ ಎಳೆದುಕೊಂಡು ಹೋಗುತ್ತಾನೆ. ಆಮೇಲೆ ಒಳಗೆ ನಾನೊಬ್ಬಳೇ.

ಒಂಬತ್ತನೇ ವಯಸ್ಸಿನಲ್ಲಿ ಅಮ್ಮ ನನ್ನನ್ನು ನಿಮ್ಮಲ್ಲಿಗೇ ಕರೆತಂದಿದ್ದಳು. "ಪರೀಕ್ಷೆ ಭಯ ಕಣಮ್ಮ, ಎರಡೇಟು ಹಾಕಿ ಶಾಲೆಗೆ ಕಳ್ಸಿ" ಎಂದರು ಅಂದಿನ ವೈದ್ಯರು. ಶಾಲೆ ಮುಗಿಯಿತು, ನೋವು ಮುಗಿಯಲಿಲ್ಲ. ಮುಂದೆ ನನ್ನ ಗಂಟಲಿಗೆ ಕೊಳವೆ ಇಳಿಸಿದಿರಿ, ಸ್ಕ್ಯಾನ್ ಮಾಡಿದಿರಿ. ಬೆಟ್ಟ ಅಗೆದವರಿಗೆ ಇಲಿಯಾದರೂ ಸಿಕ್ಕಿತಂತೆ, ನಿಮಗೆ ಅದೂ ಸಿಗಲಿಲ್ಲ. "ನೋವಿದ್ದಾಗ್ಲೇ ಬನ್ನಿ" ಎಂದಿರಿ. ಬಂದೆ. ಹಜಾರದ ಟ್ಯೂಬ್‌ಲೈಟಿಗೆ ಕಣ್ಣು ಬಿಡಲಾಗದೆ, ಬೆಂಚಿನ ಮೇಲೆ ಮುಖಕ್ಕೆ ಶಾಲು ಹೊದ್ದು ಮುದುಡಿಕೊಂಡೆ. ನನ್ನ ಸರದಿ ಕೂಗಿದರು. ಬಾಯಿ ತೆರೆದರೆ ವಾಂತಿ. ಎದ್ದು ಹೋಗುವಷ್ಟರಲ್ಲಿ ನಾನು ಗೈರುಹಾಜರಿ. "ಕೂಗ್ದಾಗ ಬರ್ಬೇಕಲ್ವಾ ಅಕ್ಕ?" ಎಂದರು ನಿಮ್ಮ ಸಿಬ್ಬಂದಿ.

ಹೋದ ತಿಂಗಳು ನಿಮ್ಮ ಕಿರಿಯ ವೈದ್ಯೆಯೊಬ್ಬರು ಈವರೆಗೆ ಯಾರೂ ಕೇಳದ್ದನ್ನು ಕೇಳಿದರು: "ಮನೇಲಿ ಯಾರಿಗಾದ್ರೂ ವಿಪರೀತ ತಲೆನೋವು ಬರ್ತಿತ್ತಾ?" ಬರುತ್ತಿತ್ತು. ಅಮ್ಮ ಹಣೆಗೆ ಬಟ್ಟೆ ಬಿಗಿದು ಕತ್ತಲ ಕೋಣೆಯಲ್ಲಿ ಮಲಗುತ್ತಿದ್ದಳು. ಅದೇ ಕೋಣೆಯಲ್ಲಿ ನಾನು ಹೊಟ್ಟೆ ಹಿಡಿದು ಮಲಗಿದರೆ, "ನನ್ ನೋಡಿ ನೀನೂ ಕಲ್ತ್ಯಾ?" ಎಂದು ಗದರಿ ಗೋಡೆಗೆ ತಿರುಗುತ್ತಿದ್ದಳು. "ಇದು ಹೊಟ್ಟೆಗೆ ಬರೋ ಮೈಗ್ರೇನ್ ಇರ್ಬೋದು. ಔಷಧಿ ಇದೆ, ಪ್ರಯತ್ನ ಮಾಡೋಣ" ಎಂದರು ಆ ವೈದ್ಯೆ. ನಾನು ಅಲ್ಲೇ ಅತ್ತುಬಿಟ್ಟೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಕೆಲಸ ಇಲ್ಲಿಗಾದರೂ ಮುಗಿಯಿತಲ್ಲ ಎಂದುಕೊಂಡೆ. ಅಷ್ಟರಲ್ಲಿ ಪಕ್ಕದ ಮೇಜಿನ ಹಿರಿಯ ವೈದ್ಯರು ತಲೆಯೆತ್ತದೆ ಹೇಳಿದರು: "ಅದು ಮಕ್ಕಳ ಕಾಯಿಲೆ. ಮುಂದಿನವರನ್ನ ಕರೀರಿ."

ಮಾನ್ಯರೇ, ನಾನೂ ಮಗುವಾಗಿದ್ದೆ. ಆಗ ಬಂದಿದ್ದೂ ನಿಮ್ಮ ಬಳಿಗೇ. ಅಂದು ಕಾಯಿಲೆಯಿಲ್ಲ ಎಂದಿರಿ, ಇಂದು ವಯಸ್ಸು ಮೀರಿತು ಎನ್ನುತ್ತೀರಿ. ನಾನು ಯಾವ ವಯಸ್ಸಿನಲ್ಲಿ ಬರಬೇಕಿತ್ತು?

ನನ್ನನ್ನು ಆ ಕಿರಿಯ ವೈದ್ಯೆಯ ಬಳಿಗೆ ಮತ್ತೆ ಕಳಿಸಿ, ಅವರು ಹೇಳಿದ ಔಷಧಿ ಕೊಡಿಸಿ. ಹಜಾರದ ಒಂದು ಮೂಲೆಯ ದೀಪ ಆರಿಸಿ. ಹೊಟ್ಟೆ ಹಿಡಿದುಕೊಂಡು ಬರುವ ಪ್ರತಿ ಮಗುವಿನ ತಾಯಿಯ ಬಳಿಯೂ ತಲೆನೋವಿನ ಆ ಪ್ರಶ್ನೆ ಕೇಳಿಸಿ. ನನ್ನ ಅಮ್ಮ ಈಗಿಲ್ಲ. ಅಂದು ಅವಳನ್ನು ಯಾರಾದರೂ ಅಷ್ಟು ಕೇಳಿದ್ದರೆ, ಒಂದೇ ಕಾಯಿಲೆಯ ನಾವಿಬ್ಬರೂ ಒಂದೇ ಕೋಣೆಯಲ್ಲಿ ಬೆನ್ನು ತಿರುಗಿಸಿಕೊಂಡು ಮಲಗುತ್ತಿರಲಿಲ್ಲ.

ಇಂತಿ,
ನಿಮ್ಮ ವರದಿಗಳ ಪ್ರಕಾರ ಆರೋಗ್ಯವಾಗಿರುವ,
ಕೂಗಿದಾಗ ಎದ್ದು ಬರಲಾಗದವಳು