ಬಿಗಿಯದೆ ಬಿಟ್ಟ ಪಿನ್ನು

2 ಫೆಬ್ರವರಿ 2025, ಭಾನುವಾರ

ರಂಗಸ್ವಾಮಿಯವರ ಹುಬ್ಬಿಗೆ ನಾಲ್ಕು ಹೊಲಿಗೆ ಬಿದ್ದಿವೆ. ತಪ್ಪು ನನ್ನದು.

ಮಾರಿಕಣಿವೆಯ ಹಿನ್ನೀರಿನಲ್ಲಿ ನನಗೆ ಹಾಯಿದೋಣಿ ಕಲಿಸುವವರು ಅವರೇ. ಇವತ್ತು ಮುಂದಿನ ಹಾಯಿಯನ್ನು ನಾನೊಬ್ಬಳೇ ಕಟ್ಟಿದೆ. ಅದರ ಕೆಳತುದಿಯನ್ನು ದೋಣಿಯ ಮೂತಿಗೆ ಹಿಡಿಸುವ ಕಬ್ಬಿಣದ ಕೊಂಡಿಗೆ ಒಂದು ಪಿನ್ನಿದೆ. ಅದನ್ನು ಇಕ್ಕಳದಿಂದ ಬಿಗಿಯಬೇಕು. ನಾನು ಬೆರಳಲ್ಲೇ ತಿರುಗಿಸಿ ಎದ್ದುಬಿಟ್ಟೆ.

“ತಡೀರಿ ಮೇಡಂ, ಒಂದ್ಸಲ ನೋಡ್ತೀನಿ,” ಎಂದರು.

“ಎಲ್ಲಾ ಸರಿಯಾಗೈತೆ, ನಡೀರಿ ಹೋಗಾಣ,” ಎಂದೆ. ನಾನು ಮಾಡಿದ್ದನ್ನು ಅವರು ಪ್ರತಿಸಲವೂ ನೋಡುವುದು ನನಗೆ ಅವಮಾನ ಎನಿಸುತ್ತಿತ್ತು.

ನಡುನೀರಿನಲ್ಲಿ ಗಾಳಿ ಜೋರಾಯಿತು. ಪಿನ್ನು ಕಳಚಿ ಹಾಯಿ ಪಟಪಟ ಬಡಿಯತೊಡಗಿತು. ಹಿಡಿಯಲೆಂದು ಅವರು ಮುಂದಕ್ಕೆ ತೆವಳಿದರು. ಹಾಯಿಯಲ್ಲಿ ನೇತಾಡುತ್ತಿದ್ದ ಕೊಂಡಿ ಮುಖಕ್ಕೇ ಬಡಿಯಿತು.

ದಡದಲ್ಲಿ ಕ್ಲಬ್ಬಿನ ಮುಖ್ಯಸ್ಥರು, “ಯಾರ್ರೀ ಕಟ್ಟಿದ್ದು?” ಎಂದರು. ನಾನು ಬಾಯಿ ತೆರೆಯುವ ಮೊದಲೇ ರಂಗಸ್ವಾಮಿಯವರು, “ನಾನೇ ಸಾರ್,” ಎಂದುಬಿಟ್ಟರು. ತೆರೆಯುವ ಮೊದಲೇ ಎಂದು ಬರೆದದ್ದು ಸುಳ್ಳು. ನಾನು ತೆರೆಯುತ್ತಲೇ ಇರಲಿಲ್ಲ. ಇನ್ನು ಮೇಲೆ ರಂಗಸ್ವಾಮಿಯವರು ದೋಣಿ ಹತ್ತುವಂತಿಲ್ಲ ಎಂದು ಮುಖ್ಯಸ್ಥರು ಹೇಳಿದಾಗಲೂ ಸುಮ್ಮನೆ ನಿಂತಿದ್ದೆ.

ರಂಗಸ್ವಾಮಿಯವರನ್ನು ಆಸ್ಪತ್ರೆಯಿಂದ ಮನೆಗೆ ಬಿಟ್ಟಾಗ ಅವರ ಹೆಂಡತಿ ಚಿತ್ತಮ್ಮ ನನ್ನ ಕೈ ಹಿಡಿದುಕೊಂಡು, “ನೀವಿದ್ರಿ, ಬಚಾವಾದ್ರು ಕಣವ್ವ,” ಎಂದು ಮಜ್ಜಿಗೆ ಕೊಟ್ಟರು. ಕುಡಿದೆ.

ಈಗಷ್ಟೇ ಮುಖ್ಯಸ್ಥರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅವರು, “ನನಗೆ ಹೇಳಿದ್ರೆ ಸಾಲಲ್ಲ. ನಾಳೆ ಎಲ್ರ ಮುಂದೆ ಅವ್ರಿಗೇ ಹೇಳ್ರಿ,” ಎಂದರು.

ರಂಗಸ್ವಾಮಿಯವರಿಗೆ ಗೊತ್ತಿಲ್ಲದ್ದೇನೂ ಅಲ್ಲ. ಗೊತ್ತಿದ್ದೂ ನನ್ನನ್ನು ಉಳಿಸಿದವರ ಎದುರು ನಿಂತು ನಾನು ಏನಂತ ಹೇಳಲಿ?