ಹೊಂಗೆ ಮರದ ಆಚೆ

ದೇವನಹಳ್ಳಿ,
೧೩-೭-೨೦೦೯

ಅಮ್ಮನಿಗೆ ನಾಗವೇಣಿಯ ನಮಸ್ಕಾರ.

ಪೊಲೀಸ್ ಆಯ್ಕೆಯ ಓಟಕ್ಕೆ ಹದಿನೈದು ದಿನವಿದೆ. ನಾನೂರು ಮೀಟರನ್ನು ಎರಡು ನಿಮಿಷದೊಳಗೆ ಓಡಬೇಕು. ಅಪ್ಪ ತೀರಿಕೊಂಡ ಮೇಲೆ, ಮೂರು ತಿಂಗಳಿಂದ, ಎರಡು ನಿಮಿಷ ಐದು ಸೆಕೆಂಡಿಗಿಂತ ಕೆಳಗೆ ಇಳಿದೇ ಇಲ್ಲ. ಮೊಟ್ಟೆ ತಿಂದೆ, ಶೂ ಬದಲಾಯಿಸಿದೆ, ಏನೂ ಉಪಯೋಗವಾಗಲಿಲ್ಲ.

ನಿನ್ನೆ ಓಟ ಕಲಿಸುವ ಕೆಂಪರಾಜ್ ಮೇಷ್ಟ್ರು, "ಕಾಲಲ್ಲಿ ಶಕ್ತಿ ಐತಮ್ಮಾ. ಆ ಹೊಂಗೆ ಮರ ಬಂದ್ರೆ ಯಾಕ್ ನಿಧಾನ ಮಾಡ್ತೀಯ?" ಎಂದರು. ತಲೆಯ ಮೇಲೆ ವಿಮಾನ ಹೋದರೂ ನೋಡದವಳು ಅಲ್ಲಿ ತಿರುಗಿ ನೋಡುತ್ತೇನಂತೆ. ನನಗೇ ಗೊತ್ತಿರಲಿಲ್ಲ. ಪ್ರತಿ ಭಾನುವಾರ ಅಪ್ಪ ನೀರಿನ ಚೊಂಬು ಹಿಡಿದು ನಿಲ್ಲುತ್ತಿದ್ದುದು ಅಲ್ಲೇ.

ನೀನಿನ್ನೂ ಮನೆಯಿಂದ ಹೊರಗೆ ಬಂದಿಲ್ಲವೆಂದು ಅತ್ತೆ ಹೇಳಿದರು. ಈ ಭಾನುವಾರ ಬಾ. ಅದೇ ಚೊಂಬು ತಾ. ಮರದ ಹತ್ತಿರ ನಿಲ್ಲಬೇಡಮ್ಮ, ಓಟ ಮುಗಿಯುವ ಗೆರೆಯ ಆಚೆ ನಿಂತಿರು.

ನಿನ್ನ ಮಗಳು,
ನಾಗವೇಣಿ